ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಲ್ಯಾನ್ ಕಾರ್ಡ್: ಆಯ್ಕೆ, ಜೋಡಣೆ ಮತ್ತು ಹೊಂದಿಕೆ

ಮದರ್‌ಬೋರ್ಡಿನಲ್ಲಿ ಮೊದಲೇ ಕೂಡಿಕೊಂಡು ಬಂದಿರುವ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ಕೇಬಲ್ ಹಾಕುವ ಕಿಂಡಿ, ಕೆಟ್ಟುಹೋದರೆ ಬೋರ್ಡನ್ನೇ ಬದಲಿಸಬೇಕು ಎಂಬ ಸಲಹೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಉಳಿದೆಲ್ಲ ಭಾಗಗಳು ಸರಿಯಾಗಿರುವಾಗ ಅಷ್ಟು ಖರ್ಚು ಮಾಡಲು ಕಾರಣವೇ ಇಲ್ಲ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಒಂದು ಲ್ಯಾನ್ ಕಾರ್ಡನ್ನು ಖಾಲಿ ಸ್ಲಾಟಿನಲ್ಲಿ ಕೂರಿಸಿದರೆ ಅದೇ ಕಂಪ್ಯೂಟರು ಇನ್ನೂ ಹಲವು ವರ್ಷ ದುಡಿಯುತ್ತದೆ. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ಊರಿನ ಝೆರಾಕ್ಸ್ ಅಂಗಡಿಯಲ್ಲಿ ಮೂಲೆಗೆ ಸರಿದಿರುವ ಎಷ್ಟೋ ಯಂತ್ರಗಳಿಗೆ ಬೇಕಾಗಿರುವುದು ಇಷ್ಟೇ ಆಗಿರಬಹುದು.

ಕಾರ್ಡನ್ನು ಸ್ಲಾಟಿಗೆ ಕೂರಿಸುವುದು ಸ್ವಲ್ಪ ಹೊತ್ತಿನ ಕೆಲಸ. ಹೊತ್ತು ಹಿಡಿಯುವುದು ಅದಕ್ಕೆ ಮುಂಚಿನ ಪರೀಕ್ಷೆ ಮತ್ತು ಆಮೇಲಿನ ಹೊಂದಿಕೆ. ಈ ಮಾರ್ಗದರ್ಶಿಯುದ್ದಕ್ಕೂ ನಾನು ಒತ್ತಿ ಹೇಳುವ ನಿಯಮ ಒಂದೇ: ಕೇಬಲ್, ಸ್ಲಾಟ್, ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ), ವಿಳಾಸ, ಇಂಟರ್ನೆಟ್ ಎಂಬ ಕ್ರಮದಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮತ್ತು ಒಂದು ಹಂತ ಸರಿಯಾಗಿದೆಯೆಂದು ಕಣ್ಣಾರೆ ಕಂಡ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು. ಕೇಬಲಿನ ಒಂದು ಎಳೆ ಕಡಿದಿರುವಾಗ ಡ್ರೈವರನ್ನು ಮತ್ತೆ ಮತ್ತೆ ಹಾಕುತ್ತ ಅರ್ಧ ದಿನ ಕಳೆಯುವವರು ಬಹಳ ಮಂದಿ.

ಕೆಟ್ಟಿರುವುದು ಪೋರ್ಟೇ ಹೌದೇ?

ಕಂಪ್ಯೂಟರಿಗೆ ಬರುವ ಕೇಬಲನ್ನು ಬಿಚ್ಚಿ ಒಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಅಲ್ಲಿ ಇಂಟರ್ನೆಟ್ ಬಂದರೆ ಕೇಬಲೂ ರೂಟರೂ ಸರಿಯಿವೆ ಎಂದಾಯಿತು. ಬಾರದಿದ್ದರೆ ರೂಟರಿನ ಬೇರೆ ಪೋರ್ಟಿನಲ್ಲಿ, ಆಮೇಲೆ ಬೇರೆ ಕೇಬಲಿನಲ್ಲಿ ಪ್ರಯತ್ನಿಸಿ. ಅನಂತರ ಕಂಪ್ಯೂಟರಿನ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ: ಎಂಟು ಚಿನ್ನದ ಬಣ್ಣದ ಸಣ್ಣ ತಂತಿಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ, ಒಂದೇ ಎತ್ತರದಲ್ಲಿ ಬಾಗಿ ನಿಂತಿರಬೇಕು. ಕ್ಲಿಪ್ ಮುರಿದ ಪ್ಲಗ್ಗನ್ನು ಬಲವಂತವಾಗಿ ತುರುಕಿದಾಗ ಇವುಗಳಲ್ಲಿ ಒಂದು ಹಿಂದಕ್ಕೆ ಮಡಚಿಕೊಳ್ಳುತ್ತದೆ ಅಥವಾ ಪಕ್ಕದ ತಂತಿಯ ಮೇಲೆ ಏರಿ ಕೂರುತ್ತದೆ. ದಂತಕಡ್ಡಿಯಿಂದ ಅದನ್ನು ಮೆಲ್ಲನೆ ಸ್ವಸ್ಥಾನಕ್ಕೆ ತಂದರೆ ಕೆಲವೊಮ್ಮೆ ಅಲ್ಲಿಗೇ ಸಮಸ್ಯೆ ಮುಗಿಯುತ್ತದೆ.

ಮತ್ತೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಕಂಪ್ಯೂಟರನ್ನು ಪೂರ್ತಿ ಆರಿಸಿ, ಪವರ್ ಕೇಬಲನ್ನು ಗೋಡೆಯ ಸಾಕೆಟ್ಟಿನಿಂದ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಯಂತ್ರ ಆರಿಸಿದ್ದರೂ ಲ್ಯಾನ್ ಚಿಪ್ಪಿಗೆ ಅಲ್ಪ ಪ್ರಮಾಣದ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಗೊಂದಲದ ಸ್ಥಿತಿಯಲ್ಲಿ ಸಿಕ್ಕಿಬಿದ್ದ ಚಿಪ್ಪು ಸಾಮಾನ್ಯ ರೀಸ್ಟಾರ್ಟಿನಿಂದ ಸರಿಯಾಗದೆ, ಈ ವಿದ್ಯುತ್ತೂ ನಿಂತಾಗ ಮಾತ್ರ ಹೊಸದಾಗಿ ಆರಂಭವಾಗುವುದುಂಟು.

ಇಷ್ಟಾದರೂ ಪೋರ್ಟಿನ ಲೈಟ್ ಹತ್ತದಿದ್ದರೆ ವಿಂಡೋಸಿನಲ್ಲಿ ಸ್ಟಾರ್ಟ್ ಬಟನ್ನಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಪಟ್ಟಿಯಲ್ಲಿ ಹಳೆಯ ಚಿಪ್ಪಿನ ಹೆಸರೇ ಇಲ್ಲದಿದ್ದರೆ ಅದು ಸುಟ್ಟಿರಬಹುದು ಅಥವಾ ಬಯೋಸಿನಲ್ಲಿ (ಬೋರ್ಡಿನ ಮೂಲ ಹೊಂದಿಕೆಗಳಿರುವ ತಂತ್ರಾಂಶ) ಆಫ್ ಆಗಿರಬಹುದು. ಹೆಸರಿದ್ದು ಹಳದಿ ಗುರುತಿನೊಂದಿಗೆ ಕೋಡ್ 10 ಎಂದು ತೋರಿಸಿದರೆ, ಡ್ರೈವರನ್ನು ಒಮ್ಮೆ ಬದಲಿಸಿ ನೋಡಿದ ಮೇಲೂ ಅದೇ ಸ್ಥಿತಿ ಇದ್ದರೆ, ಚಿಪ್ಪಿನ ಆಸೆ ಬಿಡಬಹುದು. ಹೆಸರೂ ಸರಿಯಿದ್ದು, ಕೇಬಲ್ ಹಾಕಿದ್ದರೂ ಕೇಬಲ್ ಇಲ್ಲವೆಂದೇ ಸಂದೇಶ ಬರುತ್ತಿದ್ದರೆ ಪೋರ್ಟಿಗೂ ಚಿಪ್ಪಿಗೂ ನಡುವಣ ಭಾಗ ಹೋಗಿರುವ ಸಾಧ್ಯತೆ ಹೆಚ್ಚು.

ಸಿಡಿಲಿನ ಮಾತು

ನಮ್ಮಲ್ಲಿ ಲ್ಯಾನ್ ಪೋರ್ಟ್ ಸಾಯಲು ಮುಖ್ಯ ಕಾರಣಗಳಲ್ಲಿ ಒಂದು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೆಯ ದಿನ ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ರಿಪೇರಿ ಅಂಗಡಿಗಳ ಮುಂದೆ ಮೋಡೆಮ್ ಹಿಡಿದವರು ನಿಂತಿರುತ್ತಾರೆ. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದಾಗಲೂ ಉದ್ದನೆಯ ತಾಮ್ರದ ತಂತಿಯಲ್ಲಿ ಭಾರೀ ವೋಲ್ಟೇಜು ಹುಟ್ಟುತ್ತದೆ. ಲ್ಯಾನ್ ಪೋರ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು, ಈಥರ್ನೆಟ್ ಎಂಬ ತಂತಿ ಲ್ಯಾನ್ ಮಾನದಂಡದ ಪ್ರಕಾರ ಅವು 1500 ವೋಲ್ಟುಗಳಷ್ಟು ಒತ್ತಡವನ್ನು ಒಂದು ನಿಮಿಷ ತಡೆಯಬೇಕು. ಸಿಡಿಲು ತರುವ ವೋಲ್ಟೇಜಿನ ಮುಂದೆ ಅದು ಏನೂ ಅಲ್ಲ.

ಆದ್ದರಿಂದ ಹೊಸ ಕಾರ್ಡ್ ಹಾಕುವ ಮೊದಲು ಹಳೆಯದು ಹೇಗೆ ಸತ್ತಿತು ಎಂದು ಯೋಚಿಸಿ. ಲ್ಯಾನ್ ಕೇಬಲ್ ತಾರಸಿಯ ಮೇಲಿಂದ ಪಕ್ಕದ ಕಟ್ಟಡಕ್ಕೆ ಹೋಗಿದ್ದರೆ, ಮರಕ್ಕೆ ಕಟ್ಟಿಕೊಂಡು ಅಂಗಳ ದಾಟಿದ್ದರೆ, ಅಷ್ಟು ದೂರಕ್ಕೆ ಆಪ್ಟಿಕಲ್ ಫೈಬರ್ ಎಳೆದು ಎರಡೂ ತುದಿಯಲ್ಲಿ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಕೂಡಿಸುವ ಪೆಟ್ಟಿಗೆ) ಹಾಕಿಸುವುದೇ ಸರಿಯಾದ ದಾರಿ. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಫೈಬರ್ ಸಂಪರ್ಕವಿರುವ ಮನೆಗಳಲ್ಲೂ ಸಿಡಿಲಿಗೆ ಎರಡು ದಾರಿ ತೆರೆದೇ ಇರುತ್ತವೆ: ಫೈಬರಿನ ಜೊತೆ ಬಂದಿರುವ ಉಕ್ಕಿನ ತಂತಿ, ಮತ್ತು ಫೈಬರ್ ಮೋಡೆಮ್ ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರು. ಉಕ್ಕಿನ ತಂತಿ ಮನೆಯೊಳಗಿನ ಪೆಟ್ಟಿಗೆಯವರೆಗೆ ಬಾರದಂತೆ ಆಪರೇಟರಿಗೆ ಹೇಳಿ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ದುಬಾರಿ ಸರ್ಜ್ ಪ್ರೊಟೆಕ್ಟರ್ ಕೂಡ ತನ್ನ ಕೆಲಸವನ್ನು ಪೂರ್ತಿ ಮಾಡಲಾರದು. ಗುಡುಗು ದೂರದಲ್ಲಿ ಕೇಳಿಸಿದ ಕೂಡಲೇ ಪವರ್ ಪ್ಲಗ್ ಮಾತ್ರವಲ್ಲ, ಲ್ಯಾನ್ ಕೇಬಲನ್ನೂ ಬಿಚ್ಚಿಡುವ ಅಭ್ಯಾಸ ಇವೆಲ್ಲಕ್ಕಿಂತ ಅಗ್ಗದ ರಕ್ಷಣೆ. ಮಿಂಚು ತಲೆಯ ಮೇಲೆಯೇ ಹೊಡೆಯುತ್ತಿರುವಾಗ ಮಾತ್ರ ತಂತಿಗಳನ್ನು ಮುಟ್ಟಬೇಡಿ.

ಯಾವ ಕಾರ್ಡ್ ಕೊಳ್ಳಬೇಕು?

ಮೊದಲು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ತೆಗೆದು ಯಾವ ಸ್ಲಾಟ್ ಖಾಲಿ ಇದೆಯೆಂದು ನೋಡಿ. ಈಗಿನ ಬೋರ್ಡುಗಳಲ್ಲಿ ಇರುವುದು ಪಿಸಿಐ ಎಕ್ಸ್‌ಪ್ರೆಸ್. ಅದರಲ್ಲಿ ಅತಿ ಚಿಕ್ಕದಾದ, ಎರಡೂವರೆ ಸೆಂಟಿಮೀಟರ್ ಉದ್ದದ ಸ್ಲಾಟನ್ನು ಎಕ್ಸ್1 ಎನ್ನುತ್ತಾರೆ; ಗ್ರಾಫಿಕ್ಸ್ ಕಾರ್ಡಿಗೆ ಮೀಸಲಾದ ಉದ್ದನೆಯದು ಎಕ್ಸ್16. ಎಕ್ಸ್1 ಕಾರ್ಡನ್ನು ಎಕ್ಸ್4 ಅಥವಾ ಎಕ್ಸ್16 ಸ್ಲಾಟಿನಲ್ಲೂ ಹಾಕಬಹುದು, ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ಬಹಳ ಹಳೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಬಿಳಿ ಬಣ್ಣದ ಪಿಸಿಐ ಸ್ಲಾಟುಗಳಿರುತ್ತವೆ. ಹೆಸರು ಹತ್ತಿರವಿದ್ದರೂ ಪಿಸಿಐ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುವುದಿಲ್ಲ. ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಕೇಳುವ ಬದಲು ಸ್ಲಾಟಿನ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಗಡಿಬಿಡಿಯ ಮಾರುಕಟ್ಟೆಯಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ವೇಗದ ವಿಷಯದಲ್ಲಿ ಗೊಂದಲ ಬೇಡ. ಸೆಕೆಂಡಿಗೆ 100 ಮೆಗಾಬಿಟ್‌ನ ಕಾರ್ಡನ್ನು ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. 1 ಗಿಗಾಬಿಟ್ ಕಾರ್ಡ್ ಮನೆಗೂ ಸಣ್ಣ ಕಚೇರಿಗೂ ಸಾಕು. ಪಿಸಿಐ ಎಕ್ಸ್‌ಪ್ರೆಸ್‌ನ ಮೊದಲ ಪೀಳಿಗೆಯ ಎಕ್ಸ್1 ಸ್ಲಾಟ್ ಕೂಡ ಸೆಕೆಂಡಿಗೆ 250 ಮೆಗಾಬೈಟ್ ಸಾಗಿಸಬಲ್ಲದು, ಗಿಗಾಬಿಟ್ ಕಾರ್ಡಿಗೆ ಬೇಕಾಗುವುದು 125 ಮೆಗಾಬೈಟ್ ಮಾತ್ರ. ಹೀಗಾಗಿ ಹಳೆಯ ಬೋರ್ಡಿನಲ್ಲೂ ಅದು ಪೂರ್ಣ ವೇಗದಲ್ಲಿ ಓಡುತ್ತದೆ. 2.5 ಗಿಗಾಬಿಟ್ ಕಾರ್ಡಿಗೆ 312 ಮೆಗಾಬೈಟಿಗಿಂತ ಸ್ವಲ್ಪ ಹೆಚ್ಚು ಬೇಕು, ಅಂದರೆ ಎರಡನೆಯ ಪೀಳಿಗೆಯ ಸ್ಲಾಟಾದರೂ ಇರಬೇಕು. ನಿಮ್ಮ ರೂಟರ್ ಅಥವಾ ನೆಟ್‌ವರ್ಕ್ ಸ್ವಿಚ್ (ಹಲವು ಲ್ಯಾನ್ ಕೇಬಲುಗಳನ್ನು ಕೂಡಿಸುವ ಪೆಟ್ಟಿಗೆ) 2.5 ಗಿಗಾಬಿಟ್ ಕೊಡದಿದ್ದರೆ ಆ ಕಾರ್ಡಿಗೆ ಹೆಚ್ಚಿನ ಹಣ ಕೊಡುವುದರಲ್ಲಿ ಪ್ರಯೋಜನವಿಲ್ಲ.

ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರಿಗಿಂತ ಒಳಗಿನ ಚಿಪ್ಪನ್ನು ನೋಡಿ ಆರಿಸುವುದು ಒಳ್ಳೆಯದು. ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್8111 ಮತ್ತು ಆರ್‌ಟಿಎಲ್8168 ಗಿಗಾಬಿಟ್ ಚಿಪ್ಪುಗಳಿಗೆ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಡ್ರೈವರ್ ತಾನಾಗಿಯೇ ಸಿಗುತ್ತದೆ. ಇಂಟೆಲ್‌ನ ಐ210 ಚಿಪ್ಪಿನ ಕಾರ್ಡುಗಳು ಸ್ವಲ್ಪ ದುಬಾರಿ, ಹಗಲಿರುಳು ಓಡುವ ಯಂತ್ರಕ್ಕೆ ತಕ್ಕವು. 2.5 ಗಿಗಾಬಿಟ್‌ನಲ್ಲಿ ರಿಯಲ್‌ಟೆಕ್ ಆರ್‌ಟಿಎಲ್8125 ಮತ್ತು ಇಂಟೆಲ್ ಐ226 ಹೆಚ್ಚಾಗಿ ಕಾಣಸಿಗುತ್ತವೆ.

ಕ್ಯಾಬಿನೆಟ್ ಸಣ್ಣದಾಗಿದ್ದರೆ ಕಾರ್ಡಿನ ಜೊತೆ ಗಿಡ್ಡ ಬ್ರಾಕೆಟ್ (ಕಾರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಲೋಹದ ಪಟ್ಟಿ) ಇದೆಯೇ ಎಂದು ಕೇಳಲೇಬೇಕು. ಕಚೇರಿಗಳಿಂದ ಬರುವ ಸೆಕೆಂಡ್ ಹ್ಯಾಂಡ್ ತೆಳ್ಳನೆಯ ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯ ಎತ್ತರದ ಬ್ರಾಕೆಟ್ ಕೂರುವುದೇ ಇಲ್ಲ. ಯಾವ ಸ್ಲಾಟೂ ಖಾಲಿ ಇಲ್ಲದಿದ್ದರೆ ಯುಎಸ್‌ಬಿ 3.0 ಲ್ಯಾನ್ ಅಡಾಪ್ಟರ್ ಒಂದು ದಾರಿ, ಆದರೆ ಸ್ಲಾಟ್ ಇರುವಾಗ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಕೈ ತಗುಲಿ ಸಡಿಲವಾಗುವ ಭಾಗ ಒಂದು ಕಡಿಮೆಯಿದ್ದಷ್ಟೂ ಒಳ್ಳೆಯದು.

ಇಲ್ಲಿ ಹೇಳುತ್ತಿರುವುದು ತಂತಿಯ ಕಾರ್ಡಿನ ವಿಷಯ. ವೈಫೈ ಕಾರ್ಡನ್ನು ಕೂರಿಸುವ ರೀತಿಯೂ ಬಹುತೇಕ ಇದೇ. ಅದರಲ್ಲಿ ಬ್ಲೂಟೂತ್ ಕೂಡ ಇದ್ದರೆ ಕಾರ್ಡಿನ ಜೊತೆ ಬರುವ ಸಣ್ಣ ಕೇಬಲನ್ನು ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಜೋಡಿಸಬೇಕು, ಇಲ್ಲದಿದ್ದರೆ ವೈಫೈ ಬರುತ್ತದೆ, ಬ್ಲೂಟೂತ್ ಬರುವುದಿಲ್ಲ.

ಕಾರ್ಡನ್ನು ಕೂರಿಸುವುದು

ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯದಿಂದಾಗಿ ಸಾಮಾನ್ಯ ಶಟ್‌ಡೌನ್ ಎಂಬುದು ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಆಮೇಲೆ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ತು ಕೊಡುವ ಪೆಟ್ಟಿಗೆ) ಹಿಂದಿರುವ ಸ್ವಿಚ್ ಆರಿಸಿ, ಪವರ್ ಕೇಬಲ್, ಮಾನಿಟರ್, ಯುಎಸ್‌ಬಿ ಎಲ್ಲವನ್ನೂ ಬಿಚ್ಚಿ. ಎಸ್‌ಎಂಪಿಎಸ್ ಗೋಡೆಗೆ ಕೂಡಿಕೊಂಡಿರುವವರೆಗೂ, ಸ್ವಿಚ್ ಹಾಕಿದ್ದರೆ, ಬೋರ್ಡಿನಲ್ಲಿ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತು ಇದ್ದೇ ಇರುತ್ತದೆ, ಮತ್ತು ಸ್ಲಾಟುಗಳಿಗೂ ಅದರ ಒಂದು ಪಾಲು ಹೋಗುತ್ತದೆ. ಆ ಸ್ಥಿತಿಯಲ್ಲಿ ಕಾರ್ಡ್ ತುರುಕಿದರೆ ಕಾರ್ಡೂ ಬೋರ್ಡೂ ಒಟ್ಟಿಗೆ ಹೋಗಬಹುದು. ಪವರ್ ಬಟನ್ನನ್ನು ಒಮ್ಮೆ ಒತ್ತಿ ಉಳಿದ ಚಾರ್ಜನ್ನು ಖಾಲಿ ಮಾಡಿ. ಬೋರ್ಡಿನ ಮೇಲೆ ಸಣ್ಣ ಲೈಟ್ ಇದ್ದರೆ ಅದು ನಿಧಾನವಾಗಿ ಮಂಕಾಗಿ ಆರುವುದನ್ನು ನೋಡಬಹುದು.

ದೇಹದ ಸ್ಥಿರ ವಿದ್ಯುತ್ತಿನ ಬಗ್ಗೆ ಎಚ್ಚರ ಬೇಕು. ಮಳೆಗಾಲದ ಕರಾವಳಿಯಲ್ಲಿ ಗಾಳಿಯ ತೇವದಿಂದ ಅಪಾಯ ಕಡಿಮೆ. ಚಳಿಗಾಲ ಮತ್ತು ಬೇಸಿಗೆಯ ಒಣಹವೆಯಲ್ಲಿ, ಮುಖ್ಯವಾಗಿ ಕಲಬುರಗಿ, ರಾಯಚೂರಿನ ಕಡೆ, ನೈಲಾನ್ ಬಟ್ಟೆ ತೊಟ್ಟು ಕೆಲಸ ಮಾಡುವಾಗ ಹೆಚ್ಚು. ಮಣಿಕಟ್ಟಿನ ಪಟ್ಟಿ ಇಲ್ಲದಿದ್ದರೆ ಕಾರ್ಡನ್ನು ಅದರ ಹೊದಿಕೆಯಿಂದ ತೆಗೆಯುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಕೆಲಸದ ನಡುವೆಯೂ ಆಗಾಗ ಮುಟ್ಟುತ್ತಿರಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ.

ಸ್ಲಾಟಿಗೆ ಎದುರಾಗಿ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಒಂದು ಲೋಹದ ಪಟ್ಟಿ ಇರುತ್ತದೆ. ಒಳ್ಳೆಯ ಕ್ಯಾಬಿನೆಟ್ಟಿನಲ್ಲಿ ಒಂದು ತಿರುಪು ಬಿಚ್ಚಿದರೆ ಅದು ಕೈಗೆ ಬರುತ್ತದೆ. ಅಗ್ಗದವುಗಳಲ್ಲಿ ಅದನ್ನು ತಗಡಿನಿಂದಲೇ ಅರ್ಧ ಕತ್ತರಿಸಿ ಬಿಟ್ಟಿರುತ್ತಾರೆ, ಸ್ಕ್ರೂಡ್ರೈವರಿನಿಂದ ಮೀಟಿ ಹಿಂದೆ ಮುಂದೆ ಬಾಗಿಸಿ ಮುರಿಯಬೇಕು. ಆ ಅಂಚು ಬ್ಲೇಡಿನಂತೆ ಹರಿತ, ದಪ್ಪ ಬಟ್ಟೆ ಹಿಡಿದು ಮುರಿಯಿರಿ. ಮುರಿದ ಚೂರು ಬೋರ್ಡಿನ ಮೇಲೆ ಬಿದ್ದರೆ ಹುಡುಕಿ ತೆಗೆಯದೆ ಮುಂದುವರಿಯಬೇಡಿ.

ಸ್ಲಾಟಿನಲ್ಲಿ ದೂಳಿದ್ದರೆ ಒಣ ಬ್ರಷ್ಷಿನಿಂದ ಅಥವಾ ಬ್ಲೋಯರಿನಿಂದ ತೆಗೆಯಿರಿ. ಹಳೆಯ ಕಾರ್ಡಿನ ಚಿನ್ನದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ನಮ್ಮಲ್ಲಿದೆ. ಅದರಿಂದ ಕೆಲಸ ಆಗುವುದುಂಟು, ಆದರೆ ರಬ್ಬರು ಚಿನ್ನದ ತೆಳು ಲೇಪವನ್ನೂ ಸವೆಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆ ಮೇಲು.

ಈಗ ಕಾರ್ಡಿನ ಕಚ್ಚು ಸ್ಲಾಟಿನ ಒಳಗಿನ ತಡೆಗೆ ಹೊಂದುವಂತೆ ಹಿಡಿದು, ಬ್ರಾಕೆಟ್ಟಿನ ಕೆಳತುದಿಯ ನಾಲಿಗೆ ಬೋರ್ಡಿಗೂ ಕ್ಯಾಬಿನೆಟ್ಟಿಗೂ ನಡುವಿನ ಸಂದಿಯಲ್ಲಿ ಇಳಿಯುತ್ತಿದೆಯೇ ಎಂದು ನೋಡುತ್ತ, ಎರಡೂ ತುದಿಯಲ್ಲಿ ಸಮನಾಗಿ ನೇರ ಕೆಳಕ್ಕೆ ಒತ್ತಿ. ಓರೆಯಾಗಿ ಅಲ್ಲಾಡಿಸಿ ತುರುಕಬಾರದು. ಸರಿಯಾಗಿ ಕೂತಾಗ ಚಿನ್ನದ ಪಟ್ಟಿಗಳು ಹೊರಗೆ ಕಾಣಿಸುವುದೇ ಇಲ್ಲ. ಅನಂತರ ತಿರುಪು ಬಿಗಿಯಿರಿ. ಇಲ್ಲಿ ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ. ಕ್ಯಾಬಿನೆಟ್ ಸ್ವಲ್ಪ ಸೊಟ್ಟಗಿದ್ದರೆ ತಿರುಪು ಬಿಗಿದಂತೆಲ್ಲ ಬ್ರಾಕೆಟ್ ಒಂದು ಕಡೆ ಎಳೆದುಕೊಂಡು, ಕಾರ್ಡಿನ ಇನ್ನೊಂದು ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತದೆ. ಕಂಪ್ಯೂಟರು ಆ ಕಾರ್ಡನ್ನು ಗುರುತಿಸುವುದೇ ಇಲ್ಲ, ಅಥವಾ ಒಮ್ಮೆ ಗುರುತಿಸಿ ಇನ್ನೊಮ್ಮೆ ಬಿಡುತ್ತದೆ. ತಿರುಪು ಬಿಗಿದ ಮೇಲೆ ಕಣ್ಣನ್ನು ಸ್ಲಾಟಿನ ಮಟ್ಟಕ್ಕೆ ತಂದು, ಕಾರ್ಡಿನ ಅಂಚು ಸ್ಲಾಟಿಗೆ ಸಮಾನಾಂತರವಾಗಿದೆಯೇ ಎಂದು ಮತ್ತೊಮ್ಮೆ ನೋಡಿ. ಎದ್ದಿದ್ದರೆ ತಿರುಪು ಸಡಿಲಿಸಿ, ಕಾರ್ಡನ್ನು ಒತ್ತಿ ಹಿಡಿದೇ ಬಿಗಿಯಿರಿ.

ಬಯೋಸ್ ಮತ್ತು ಡ್ರೈವರ್

ಪವರ್ ಕೊಟ್ಟು, ಲ್ಯಾನ್ ಕೇಬಲನ್ನು ಹೊಸ ಕಾರ್ಡಿಗೆ ಹಾಕಿ ಕಂಪ್ಯೂಟರ್ ಆರಂಭಿಸಿ. ಡಿಲೀಟ್ ಅಥವಾ ಎಫ್2 ಕೀಲಿಯಿಂದ ಬಯೋಸಿಗೆ ಹೋಗಿ (ಕಂಪನಿಯಿಂದ ಕಂಪನಿಗೆ ಕೀಲಿ ಬೇರೆಯಿರುತ್ತದೆ) ಆನ್‌ಬೋರ್ಡ್ ಲ್ಯಾನ್ ಎಂಬುದನ್ನು ಡಿಸೇಬಲ್ ಮಾಡಿ. ಅರ್ಧ ಸುಟ್ಟ ಚಿಪ್ಪು ಚಾಲೂ ಇದ್ದರೆ ಒಮ್ಮೆ ಬಂದು ಒಮ್ಮೆ ಹೋಗುತ್ತ ಯಂತ್ರದ ಆರಂಭವನ್ನೇ ತಡಮಾಡಬಹುದು. ಒಂದು ಅಪವಾದವಿದೆ: ಕೆಲವು ಲೆಕ್ಕಪತ್ರ ಮತ್ತು ವಿನ್ಯಾಸದ ತಂತ್ರಾಂಶಗಳ ಲೈಸೆನ್ಸ್ ಹಳೆಯ ಚಿಪ್ಪಿನ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ಗುರುತಿನ ಸಂಖ್ಯೆಗೆ, ಕಟ್ಟಿಕೊಂಡಿರುತ್ತದೆ. ಅಂಥ ತಂತ್ರಾಂಶವಿದ್ದರೆ ಚಿಪ್ಪನ್ನು ಆಫ್ ಮಾಡುವ ಮೊದಲು ಮಾರಾಟಗಾರರನ್ನು ವಿಚಾರಿಸಿ. ಹೊಸ ಕಾರ್ಡ್ ಎಲ್ಲೂ ಕಾಣಿಸದಿದ್ದರೆ ಬೋರ್ಡಿನ ಕೈಪಿಡಿ ನೋಡಿ. ಕೆಲವು ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ (ಬೋರ್ಡಿನ ಮೇಲೆಯೇ ಕೂರುವ ಡಿಸ್ಕ್) ಹಾಕಿದಾಗ ಯಾವುದೋ ಒಂದು ಎಕ್ಸ್1 ಸ್ಲಾಟ್ ತಾನಾಗಿಯೇ ಬಂದ್ ಆಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಸಾಮಾನ್ಯ ಗಿಗಾಬಿಟ್ ಕಾರ್ಡುಗಳಿಗೆ ಡ್ರೈವರ್ ಹುಡುಕುವ ಅಗತ್ಯ ಬೀಳುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಈಥರ್ನೆಟ್ ಕಂಟ್ರೋಲರ್ ಎಂದು ಹಳದಿ ಗುರುತಿನೊಂದಿಗೆ ಕಂಡರೆ ಮಾತ್ರ ಡ್ರೈವರ್ ಬೇಕು. ಇಂಟರ್ನೆಟ್ಟಿಲ್ಲದೆ ಡ್ರೈವರ್ ಸಿಗದು, ಡ್ರೈವರಿಲ್ಲದೆ ಇಂಟರ್ನೆಟ್ ಬಾರದು. ಈ ಬಿಕ್ಕಟ್ಟಿಗೆ ಅತಿ ಸುಲಭದ ಪರಿಹಾರ ಆಂಡ್ರಾಯ್ಡ್ ಫೋನು: ಅದನ್ನು ಯುಎಸ್‌ಬಿ ಕೇಬಲಿನಿಂದ ಕೂಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ವಿಂಡೋಸ್ ಫೋನನ್ನೇ ಒಂದು ಲ್ಯಾನ್ ಕಾರ್ಡಿನಂತೆ ಬಳಸಿಕೊಳ್ಳುತ್ತದೆ. ಆಗ ವಿಂಡೋಸ್ ಅಪ್‌ಡೇಟ್ ಓಡಿಸಿ, ಅಥವಾ ಚಿಪ್ ತಯಾರಿಸಿದ ಕಂಪನಿಯ ತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಉಚಿತ ಡ್ರೈವರ್ ಹಂಚುತ್ತೇವೆಂದು ಹೇಳುವ ಬೇರೆ ತಾಣಗಳ ಹತ್ತಿರ ಹೋಗಬೇಡಿ.

ಚಿಪ್ ಯಾವುದೆಂದು ತಿಳಿಯದಿದ್ದರೆ ಅದೇ ಸಾಲಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟಕ್ಕೆ ಹೋಗಿ ಹಾರ್ಡ್‌ವೇರ್ ಐಡಿ ಆರಿಸಿ. ಮೊದಲು ಬರುವ ನಾಲ್ಕಕ್ಷರದ ಸಂಖ್ಯೆ 10ಇಸಿ (10EC) ಎಂದಿದ್ದರೆ ರಿಯಲ್‌ಟೆಕ್, 8086 ಎಂದಿದ್ದರೆ ಇಂಟೆಲ್. ಅದರ ಮುಂದಿನ ನಾಲ್ಕಂಕಿ ಚಿಪ್ಪಿನ ಮಾದರಿಯನ್ನು ಹೇಳುತ್ತದೆ, 8168 ಅಥವಾ 8125 ಎಂಬಂತೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಈ ಸಂಖ್ಯೆಯನ್ನೇ ನಂಬಿ.

ವಿಳಾಸ ಕೊಡುವುದು

ಬಹುಪಾಲು ಮನೆಗಳಲ್ಲಿ ಇಲ್ಲಿ ಮಾಡಬೇಕಾದದ್ದು ಏನೂ ಇಲ್ಲ. ರೂಟರಿನಲ್ಲಿರುವ ಡಿಎಚ್‌ಸಿಪಿ ವ್ಯವಸ್ಥೆ ಕಾರ್ಡಿಗೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಕೊಟ್ಟೇ ಕೊಡುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಆ ವಿಳಾಸ ಕಾಣಿಸುತ್ತದೆ. 192.168 ಅಥವಾ 10ರಿಂದ ಆರಂಭವಾಗುವ ವಿಳಾಸ ಬಂದಿದ್ದರೆ ಸರಿ. 169.254ರಿಂದ ಆರಂಭವಾಗಿದ್ದರೆ ರೂಟರಿನಿಂದ ಉತ್ತರ ಬರದೆ ವಿಂಡೋಸ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದರ್ಥ. ಆಗ ಡ್ರೈವರಿಗೂ ಕೆಳಗೆ ಇಳಿದು ಕೇಬಲನ್ನೂ ರೂಟರನ್ನೂ ನೋಡಬೇಕು.

ಪ್ರಿಂಟರ್ ಹಂಚಿಕೊಳ್ಳುವ ಅಥವಾ ಬಿಲ್ಲಿಂಗ್ ಸರ್ವರ್ ಆಗಿರುವ ಕಂಪ್ಯೂಟರಿಗೆ ಬದಲಾಗದ ವಿಳಾಸ ಬೇಕಾಗುತ್ತದೆ. ಕಂಪ್ಯೂಟರಿನಲ್ಲೇ ಕೈಯಾರೆ ವಿಳಾಸ ಬರೆಯುವುದಕ್ಕಿಂತ, ರೂಟರಿನಲ್ಲಿ ಆ ಕಾರ್ಡಿನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು ಕಾದಿರಿಸುವುದು ನನ್ನ ಆಯ್ಕೆ. ಎಲ್ಲ ಲೆಕ್ಕ ಒಂದೇ ಕಡೆ ಇರುತ್ತದೆ, ಎರಡು ಯಂತ್ರಗಳಿಗೆ ಒಂದೇ ವಿಳಾಸ ಬೀಳುವ ಭಯವಿಲ್ಲ. ಕೈಯಾರೆ ಕೊಡಲೇಬೇಕಾದರೆ ರೂಟರು ಹಂಚುವ ವ್ಯಾಪ್ತಿಯ ಹೊರಗಿನ ಸಂಖ್ಯೆಯನ್ನು ಆರಿಸಿ. ರೂಟರಿನ ವಿಳಾಸ 192.168.1.1 ಆಗಿದ್ದು ಅದು 100ರಿಂದ 200ರವರೆಗೆ ಹಂಚುತ್ತಿದ್ದರೆ, ಕಂಪ್ಯೂಟರಿಗೆ 192.168.1.20, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1 ಎಂದು ಕೊಡಬಹುದು. ಡಿಎನ್‌ಎಸ್‌ಗೆ (ವೆಬ್‌ಸೈಟ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ) ರೂಟರಿನ ವಿಳಾಸವನ್ನೋ 8.8.8.8 ಅಥವಾ 1.1.1.1 ಎಂಬ ಸಾರ್ವಜನಿಕ ವಿಳಾಸಗಳನ್ನೋ ಬರೆಯಿರಿ.

ಹಳೆಯ ಪೋರ್ಟಿಗೆ ಕೊಟ್ಟಿದ್ದ ವಿಳಾಸವನ್ನೇ ಹೊಸ ಕಾರ್ಡಿಗೆ ಕೊಡಲು ಹೋದಾಗ, ಈ ವಿಳಾಸ ಈಗಾಗಲೇ ಬೇರೊಂದು ಅಡಾಪ್ಟರಿನಲ್ಲಿದೆ ಎಂದು ವಿಂಡೋಸ್ ತಕರಾರು ತೆಗೆಯಬಹುದು. ಆ ಅಡಾಪ್ಟರ್ ಈಗ ಕಣ್ಣಿಗೆ ಕಾಣದಿದ್ದರೂ ಅದರ ದಾಖಲೆ ಉಳಿದಿರುತ್ತದೆ. ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಆರಿಸಿದರೆ ಹಳೆಯ ಹೆಸರು ಮಂಕಾಗಿ ಕಾಣಿಸುತ್ತದೆ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿ.

ಎಲ್ಲ ಸರಿಯಿದ್ದೂ ಇಂಟರ್ನೆಟ್ ಮಾತ್ರ ಬಾರದಿದ್ದರೆ, ಮತ್ತು ಊರಿನ ಕೇಬಲ್ ಆಪರೇಟರಿನ ತಂತಿ ರೂಟರಿಲ್ಲದೆ ನೇರವಾಗಿ ಕಂಪ್ಯೂಟರಿಗೆ ಬರುತ್ತಿದ್ದರೆ, ಮ್ಯಾಕ್ ಬೈಂಡಿಂಗ್ ಕಾರಣವಾಗಿರಬಹುದು. ಪ್ರತಿ ಲ್ಯಾನ್ ಕಾರ್ಡಿಗೂ ಹನ್ನೆರಡು ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸವಿರುತ್ತದೆ. ಕೆಲವು ಆಪರೇಟರುಗಳು ನಿಮ್ಮ ಖಾತೆಯನ್ನು ಹಳೆಯ ಪೋರ್ಟಿನ ಮ್ಯಾಕ್ ವಿಳಾಸಕ್ಕೆ ಕಟ್ಟಿರುತ್ತಾರೆ, ಆದ್ದರಿಂದ ಹೊಸ ಕಾರ್ಡನ್ನು ಅವರ ವ್ಯವಸ್ಥೆ ಅಪರಿಚಿತ ಯಂತ್ರವೆಂದು ತಿಳಿಯುತ್ತದೆ. ಐಪಿಕಾನ್ಫಿಗ್ /ಆಲ್ (ipconfig /all) ಆದೇಶದಿಂದ ಹೊಸ ವಿಳಾಸವನ್ನು ಬರೆದುಕೊಂಡು ಅವರಿಗೆ ಫೋನ್ ಮಾಡಿದರೆ ಬದಲಿಸಿ ಕೊಡುತ್ತಾರೆ. ಹಾಗೆಯೇ, ಪಿಪಿಪಿಒಇ ಡಯಲರ್, ಅಂದರೆ ಆಪರೇಟರಿನ ವ್ಯವಸ್ಥೆಗೆ ಲಾಗಿನ್ ಆಗುವ ಸಂಪರ್ಕ, ಕಂಪ್ಯೂಟರಿನಲ್ಲೇ ಇದ್ದರೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಆ ಸಂಪರ್ಕವನ್ನು ಹೊಸದಾಗಿ ರಚಿಸಬೇಕಾಗಬಹುದು.

ಪರೀಕ್ಷೆಯ ಕ್ರಮ

127.0.0.1 ಎಂಬ ವಿಳಾಸಕ್ಕೆ ಪಿಂಗ್ (ಕಮಾಂಡ್ ಪ್ರಾಂಪ್ಟಿನಲ್ಲಿ ping ಎಂದು ಬರೆದು ಮುಂದೆ ವಿಳಾಸ ಕೊಟ್ಟು ಉತ್ತರ ಕೇಳುವ ಪರೀಕ್ಷೆ) ಮಾಡಿ ಉತ್ತರ ಬಂದರೆ ಕಾರ್ಡ್ ಸರಿಯಿದೆ ಎಂದು ಅನೇಕರು ನಂಬಿದ್ದಾರೆ. ಆ ಪಿಂಗ್ ಕಾರ್ಡಿನವರೆಗೆ ಹೋಗುವುದೇ ಇಲ್ಲ, ಆಪರೇಟಿಂಗ್ ಸಿಸ್ಟಮ್ಮಿನೊಳಗೇ ತಿರುಗಿ ಬರುತ್ತದೆ. ಮೊದಲು ರೂಟರಿನ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಕಾರ್ಡ್, ಕೇಬಲ್, ವಿಳಾಸ ಮೂರೂ ಸರಿ. ಆಮೇಲೆ 8.8.8.8ಕ್ಕೆ ಮಾಡಿ, ಅದಕ್ಕೂ ಉತ್ತರ ಬಂದು ವೆಬ್‌ಸೈಟ್ ಹೆಸರಿಗೆ ಮಾತ್ರ ಬಾರದಿದ್ದರೆ ದೋಷವಿರುವುದು ಡಿಎನ್‌ಎಸ್‌ನಲ್ಲಿ. ಪಕ್ಕದ ಕಂಪ್ಯೂಟರಿನ ಪಿಂಗ್‌ಗೆ ನಿಮ್ಮ ಯಂತ್ರ ಉತ್ತರಿಸದಿದ್ದರೆ ಗಾಬರಿ ಬೇಡ. ಹೊಸ ಕಾರ್ಡಿನ ಸಂಪರ್ಕವನ್ನು ವಿಂಡೋಸ್ ಸಾರ್ವಜನಿಕ ನೆಟ್‌ವರ್ಕ್ ಎಂದು ಪರಿಗಣಿಸಿ ಬಾಗಿಲು ಮುಚ್ಚಿರುತ್ತದೆ. ಸೆಟ್ಟಿಂಗ್ಸ್‌ನ ಈಥರ್ನೆಟ್ ಪುಟದಲ್ಲಿ ಅದನ್ನು ಪ್ರೈವೇಟ್ ಎಂದು ಬದಲಿಸಿದರೆ ಪ್ರಿಂಟರ್ ಮತ್ತು ಫೋಲ್ಡರ್ ಹಂಚಿಕೆಗೆ ದಾರಿಯಾಗುತ್ತದೆ.

ಅದೇ ಪುಟದಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಇರಬೇಕಾದಲ್ಲಿ 100 ಎಂದಿದ್ದರೆ ಹೊಸ ಕಾರ್ಡನ್ನು ದೂರುವ ಮೊದಲು ಕೇಬಲನ್ನು ಅನುಮಾನಿಸಿ. 100 ಮೆಗಾಬಿಟ್ ವೇಗಕ್ಕೆ ಎಂಟು ಎಳೆಗಳಲ್ಲಿ 1, 2, 3, 6ನೆಯವು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಆದ್ದರಿಂದ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದೇ ಒಂದು ಎಳೆ ಸಡಿಲವಾಗಿದ್ದರೂ ಇಂಟರ್ನೆಟ್ ನಡೆಯುತ್ತದೆ, ಆದರೆ ಹತ್ತನೇ ಒಂದು ವೇಗದಲ್ಲಿ. ಪ್ಲಗ್ಗನ್ನು ಹೊಸದಾಗಿ ಕ್ರಿಂಪ್ ಮಾಡುವಾಗ (ಕೇಬಲಿನ ತುದಿಗೆ ಒತ್ತಿ ಕೂರಿಸುವಾಗ), ಕ್ಲಿಪ್ ಕೆಳಗಿರುವಂತೆ ಹಿಡಿದು ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮವನ್ನು ಎರಡೂ ತುದಿಯಲ್ಲಿ ಅನುಸರಿಸಿ. ಅಗ್ಗದ ಕೇಬಲುಗಳಲ್ಲಿ ತಾಮ್ರದ ಬದಲು ತಾಮ್ರ ಲೇಪಿತ ಅಲ್ಯುಮಿನಿಯಂ ಇರುತ್ತದೆ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಂಥದೇ. ಶುದ್ಧ ತಾಮ್ರದ ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲನ್ನೇ ಕೇಳಿ ಪಡೆಯಿರಿ.

ವೇಗ ಕಡಿಮೆ ಕಂಡಾಗ ಡ್ರೈವರಿನ ಅಡ್ವಾನ್ಸ್ಡ್ ಪುಟದಲ್ಲಿ ಸ್ಪೀಡ್ ಆಂಡ್ ಡ್ಯೂಪ್ಲೆಕ್ಸ್ ಎಂಬುದನ್ನು ಬಲವಂತವಾಗಿ ಬದಲಿಸಲು ಹೋಗಬೇಡಿ, ಆಟೊ ನೆಗೋಶಿಯೇಶನ್ ಎಂದೇ ಇರಲಿ. ಒಂದು ತುದಿಯಲ್ಲಿ 100 ಫುಲ್ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಕಳಿಸುವುದೂ ಪಡೆಯುವುದೂ) ಎಂದು ನಿಗದಿಮಾಡಿದರೆ, ಆಟೊದಲ್ಲಿರುವ ಇನ್ನೊಂದು ತುದಿ ತನ್ನನ್ನು ಹಾಫ್ ಡ್ಯೂಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿಸಿಕೊಳ್ಳುತ್ತದೆ, ಮತ್ತು ಇಡೀ ಸಂಪರ್ಕ ತೆವಳತೊಡಗುತ್ತದೆ.

ಲಿನಕ್ಸ್ ಬಳಸುವವರಿಗೆ

ಉಬುಂಟು ಮುಂತಾದವುಗಳಲ್ಲಿ ಎಲ್‌ಎಸ್‌ಪಿಸಿಐ (lspci) ಆದೇಶ ಕಾರ್ಡನ್ನು ತೋರಿಸಿದರೆ ಸ್ಲಾಟಿನ ಹಂತ ಮುಗಿಯಿತು. ರಿಯಲ್‌ಟೆಕ್ ಗಿಗಾಬಿಟ್ ಚಿಪ್ಪುಗಳಿಗೆ ಆರ್8169 ಎಂಬ ಡ್ರೈವರ್ ಕರ್ನೆಲ್‌ನಲ್ಲೇ (ಲಿನಕ್ಸಿನ ತಿರುಳಿನಲ್ಲೇ) ಇದೆ, 2.5 ಗಿಗಾಬಿಟ್‌ನ 8125 ಚಿಪ್ಪಿಗೆ 5.4 ಅಥವಾ ಅದಕ್ಕಿಂತ ಹೊಸ ಕರ್ನೆಲ್ ಇರಲಿ. ಈಥ್‌ಟೂಲ್ (ethtool) ಆದೇಶದಿಂದ ವೇಗವನ್ನೂ ಡ್ಯೂಪ್ಲೆಕ್ಸನ್ನೂ ನೋಡಬಹುದು.

ಇಲ್ಲಿ ಒಂದು ಸಂಗತಿ ಅನುಭವಿಗಳನ್ನೂ ತಬ್ಬಿಬ್ಬು ಮಾಡುತ್ತದೆ. ಲಿನಕ್ಸ್ ಲ್ಯಾನ್ ಪೋರ್ಟಿಗೆ ಕೊಡುವ ಇಎನ್‌ಪಿ3ಎಸ್0 (enp3s0) ಎಂಬಂಥ ಹೆಸರಿನಲ್ಲಿ 3 ಎಂಬುದು ಪಿಸಿಐ ಬಸ್ಸಿನ ಸಂಖ್ಯೆ. ಹೊಸ ಕಾರ್ಡ್ ಹಾಕಿದಾಗ ಬಸ್ಸುಗಳ ಎಣಿಕೆ ಬದಲಾಗಿ, ಮುಟ್ಟದೇ ಬಿಟ್ಟಿದ್ದ ಹಳೆಯ ಪೋರ್ಟಿನ ಹೆಸರು ಇಎನ್‌ಪಿ4ಎಸ್0 ಆಗಿಬಿಡಬಹುದು. ಹೆಸರನ್ನು ನಂಬಿ ಬರೆದ ಹೊಂದಿಕೆಗಳೆಲ್ಲ ಆಗ ತಪ್ಪುತ್ತವೆ. ದೂರದ ಕೊಠಡಿಯಲ್ಲಿರುವ ಸರ್ವರಿಗೆ ಗ್ರಾಫಿಕ್ಸ್ ಕಾರ್ಡೋ ಎಸ್‌ಎಸ್‌ಡಿಯೋ ಸೇರಿಸಿದಾಗಲೂ ಇದೇ ಆಗುತ್ತದೆ. ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಹೊಂದಿಕೆಯ ಸಾಧನ) ಬಳಸುವಲ್ಲಿ ಹೆಸರಿನ ಬದಲು ಮ್ಯಾಕ್ ವಿಳಾಸಕ್ಕೆ ಹೊಂದಿಸಿ ಬರೆಯುವುದು ಸುರಕ್ಷಿತ.

ಸಂಪರ್ಕ ಆಗಾಗ ಕಡಿದುಹೋದರೆ

ಕಾರ್ಡ್ ಚೆನ್ನಾಗಿ ನಡೆಯುತ್ತಿದ್ದು ನಡುನಡುವೆ ಕೆಲವು ಸೆಕೆಂಡು ಸಂಪರ್ಕ ಹೋಗಿ ಬರುತ್ತಿದ್ದರೆ ಮೊದಲು ವಿದ್ಯುತ್ ಉಳಿತಾಯದ ಸೌಲಭ್ಯಗಳನ್ನು ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಅನುಮತಿಸುವ ಆಯ್ಕೆಯನ್ನು ತೆಗೆದುಹಾಕಿ. ಅಡ್ವಾನ್ಸ್ಡ್ ಪುಟದಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಮತ್ತು ಗ್ರೀನ್ ಈಥರ್ನೆಟ್ ಎಂಬವನ್ನು ಡಿಸೇಬಲ್ ಮಾಡಿ. ಹಳೆಯ ಸ್ವಿಚ್ಚುಗಳ ಜೊತೆ ಇವು ಹೊಂದದಿರುವುದುಂಟು. ಒಂದೊಂದನ್ನೇ ಬದಲಿಸಿ, ಪ್ರತಿಯೊಂದರ ನಂತರ ಒಂದು ದಿನ ಬಿಟ್ಟು ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಆಗಲೂ ನಿಲ್ಲದಿದ್ದರೆ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ, ಆಮೇಲೆ ಬೇರೆ ಕಂಪ್ಯೂಟರಿಗೆ ಹಾಕಿ. ಎರಡನೆಯ ಯಂತ್ರದಲ್ಲಿ, ಸರಿಯಿದೆಯೆಂದು ಗೊತ್ತಿರುವ ಕೇಬಲಿನಲ್ಲಿ, ಅದೇ ರೀತಿ ಕಡಿದುಹೋದರೆ ಕಾರ್ಡೇ ದೋಷಪೂರಿತ. ಬಿಲ್ಲು, ಪೆಟ್ಟಿಗೆ ಮತ್ತು ಗಿಡ್ಡ ಬ್ರಾಕೆಟ್ ಸಹಿತ ಅಂಗಡಿಗೆ ಒಯ್ದು ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಬ್ರಾಕೆಟ್ ಕಳೆದಿದ್ದರೆ ಅದನ್ನೇ ನೆಪ ಮಾಡಿ ನಿರಾಕರಿಸಬಹುದು, ಆದ್ದರಿಂದ ಅದನ್ನು ಮೊದಲ ದಿನವೇ ಬಿಲ್ಲಿನ ಜೊತೆ ಒಂದು ಕವರಿನಲ್ಲಿ ಹಾಕಿಡಿ.